ಮಧ್ಯಾಹ್ನದ ಬ್ಯಾಚಿಗೆ ಮಾತ್ರ ರೀಡಿಂಗ್ ಜಾಸ್ತಿ ಬಂದಿದ್ದು ಯಾಕೆ?

ರಾಯಚೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಆ ದಿನದ ಪ್ರಯೋಗ ಟೈಟ್ರೇಶನ್: ಗೆರೆ ಎಳೆದ ಗಾಜಿನ ಕೊಳವೆಯಿಂದ, ಅಂದರೆ ಬ್ಯುರೆಟ್‌ನಿಂದ, ಫ್ಲಾಸ್ಕಿನ ದ್ರಾವಣದ ಬಣ್ಣ ತಿರುಗುವವರೆಗೆ ಆಮ್ಲ ಬಿಟ್ಟು, ಎಷ್ಟು ಮಿ.ಲೀ. ಬೇಕಾಯಿತೆಂದು ಓದುವುದು. ಪಿಪೆಟ್‌ನಲ್ಲಿ ಅಳೆದು ಫ್ಲಾಸ್ಕಿಗೆ ಹಾಕಿದ್ದು 20 ಮಿ.ಲೀ. ಸೋಡಿಯಂ ಕಾರ್ಬೊನೇಟ್, ಬ್ಯುರೆಟ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಎರಡೂ 0.1 ನಾರ್ಮಲ್, ಅಂದರೆ ಸಮಾನ ಸಾಂದ್ರತೆ. ಬಣ್ಣ ತಿರುಗಿ ಕೊನೆ ತೋರಿಸುವ ಇಂಡಿಕೇಟರ್ ಮೀಥೈಲ್ ಆರೆಂಜ್. ಬೆಳಗಿನ ಬ್ಯಾಚಿಗೆ 20.0 ಮಿ.ಲೀ. ಬಂತು. ಮಧ್ಯಾಹ್ನದವರಿಗೆ ಅದೇ ಬಾಟಲಿಯ ದ್ರಾವಣಕ್ಕೆ 20.6, 20.7.

ಮೊದಲು ಮಾಮೂಲಿ ತಪ್ಪುಗಳನ್ನೇ ಹುಡುಕಿದೆ. ಬ್ಯುರೆಟ್ ಮೂತಿಯಲ್ಲಿ ಗಾಳಿಗುಳ್ಳೆ ಇರಲಿಲ್ಲ. ಫನಲ್ ತೆಗೆದಿದ್ದರು. ಕಣ್ಣು ಮಟ್ಟಕ್ಕೇ ಇಟ್ಟು ಓದುತ್ತಿದ್ದರು. "ಸರ್, ನಾ ಎಲ್ಲಾ ಬರೋಬ್ಬರಿ ಮಾಡೀನ್ರಿ" ಅಂತ ಒಬ್ಬ ಹುಡುಗಿ ಅಳುವುದೊಂದು ಬಾಕಿ.

ಆಮೇಲೆ ಬಿಸಿಲಿನ ಮೇಲೆ ಅನುಮಾನ ಬಂತು. ನಮ್ಮ ಊರಿನ ಬೇಸಿಗೆ ಗೊತ್ತಲ್ವಾ! ಆದರೆ 27 ಡಿಗ್ರಿಯಿಂದ 40ಕ್ಕೆ ಏರಿದರೂ ನೀರು ಹಿಗ್ಗುವುದು ಶೇ. 0.4ರಷ್ಟು. 20 ಮಿ.ಲೀ.ಗೆ ಅದು ಬ್ಯುರೆಟ್‌ನ ಒಂದು ಗೆರೆಗಿಂತ (0.1 ಮಿ.ಲೀ.) ಕಡಿಮೆ. ಅದೂ ಅಲ್ಲದೆ ಆಮ್ಲ, ಕಾರ್ಬೊನೇಟ್ ಎರಡೂ ಒಟ್ಟಿಗೇ ಹಿಗ್ಗುತ್ತವೆ. 0.6 ಬರಲು ಸಾಧ್ಯವೇ ಇಲ್ಲ.

ಅಷ್ಟರಲ್ಲಿ ಆ ಹುಡುಗಿ ಫ್ಲಾಸ್ಕಿನ ಗೋಡೆಗೆ ಅಂಟಿದ ಹನಿಗಳನ್ನು ವಾಶ್ ಬಾಟಲಿಯಿಂದ ಇಳಿಸಿದಳು. ಸರಿಯಾದ ಪದ್ಧತಿಯೇ. ಡಿಸ್ಟಿಲ್ಡ್ (ಬಟ್ಟಿ ಇಳಿಸಿದ ಶುದ್ಧ) ನೀರು ಎಷ್ಟು ಸೇರಿದರೂ ಕಾರ್ಬೊನೇಟ್ ಪ್ರಮಾಣ ಬದಲಾಗುವುದಿಲ್ಲ. ಆದರೆ ಆ ಬಾಟಲಿಯಲ್ಲಿ ಇದ್ದದ್ದು ಯಾವ ನೀರು? ಕೇಳಿದೆ. ಕರೆಂಟ್ ಹೋಗಿ ಡಿಸ್ಟಿಲೇಶನ್ ನಿಂತಿತ್ತು, ಯಾರೋ ನಲ್ಲಿಯಿಂದ ತುಂಬಿಸಿದ್ದರು. ಅದು ಬೋರಿನ ಸವಳು ನೀರು.

ಆ ನೀರನ್ನೇ 50 ಮಿ.ಲೀ. ತೆಗೆದುಕೊಂಡು ಎರಡು ಹನಿ ಮೀಥೈಲ್ ಆರೆಂಜ್ ಹಾಕಿದೆ. ಹಳದಿ. ಆಮ್ಲ ಬಿಡುತ್ತಾ ಹೋದೆ. ಬಣ್ಣ ತಿರುಗಲು 3 ಮಿ.ಲೀ. ಬೇಕಾಯಿತು! ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸಾಕು. ಬೋರ್ ನೀರಿನ ಬೈಕಾರ್ಬೊನೇಟ್ ಆಮ್ಲವನ್ನು ತಿನ್ನುತ್ತಿತ್ತು. ಫ್ಲಾಸ್ಕಿಗೆ 10 ಮಿ.ಲೀ. ಸೇರಿದರೆ 0.6. ಲೆಕ್ಕ ಸರಿಹೋಯಿತು.

ಬೆಳಿಗ್ಗೆ ಉಳಿದಿದ್ದ ಡಿಸ್ಟಿಲ್ಡ್ ನೀರು ಕೊಟ್ಟು ಅವಳಿಂದ ಮತ್ತೆ ಮಾಡಿಸಿದೆ. 20.0. ಹಳೆಯ ರೀಡಿಂಗನ್ನು ಅಳಿಸಬೇಡ, ಪಕ್ಕದಲ್ಲೇ ಕಾರಣ ಬರಿ ಅಂದೆ. ಈಗ ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನ ವಾಶ್ ಬಾಟಲಿಯ ನೀರನ್ನೇ ಟೈಟ್ರೇಟ್ ಮಾಡಿಸುತ್ತೇನೆ.