ಫ್ಯೂಜ್ ಹೋದಾಗ, ತಂತಿ ಕಟ್ಟುವ ಮೊದಲು

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ವೈರಿಂಗ್ ಕೆಲಸದವರಿಗೆ ಬರುವ ಫೋನುಗಳು ಹೆಚ್ಚಾಗಿ ಒಂದೇ ಬಗೆಯವು: "ಫ್ಯೂಜ್ ಹೋಗ್ಯಾದ್ರಿ, ಈ ಸಲ ದಪ್ಪನ್ ತಂತಿ ಹಾಕಿ ಕೊಡ್ರಿ, ಮತ್ತ ಹೋಗಬಾರ್ದು." 42 ಡಿಗ್ರಿ ಬಿಸಿಲಲ್ಲಿ ಕೂಲರ್ ನಿಂತ ಮನೆಯವರು ಹಾಗೆ ಕೇಳುವುದು ಸಹಜ. ಆದರೂ ದಪ್ಪ ತಂತಿ ನಾನು ಹಾಕುವುದಿಲ್ಲ. ಇಡೀ ಲೈನಿನಲ್ಲಿ ಬೇಕೆಂದೇ ಬಡಕಲಾಗಿ ಬಿಟ್ಟ ಒಂದು ಜಾಗ ಈ ಫ್ಯೂಜ್. ಅದನ್ನು ಗಟ್ಟಿ ಮಾಡಿದರೆ, ಮುಂದಿನ ಸಲ ಸುಡುವುದು ಗೋಡೆಯೊಳಗಿನ ವೈರು.

ಕಿಟ್‌ಕ್ಯಾಟ್ (ಫ್ಯೂಜ್ ತಂತಿ ಕಟ್ಟುವ ಪಿಂಗಾಣಿ ಹಿಡಿ) ಕೀಳುವ ಮೊದಲು ಟೆಸ್ಟರನ್ನು ಕರೆಂಟ್ ಇರುವ ಕಡೆ ಹಚ್ಚಿ, ಅದು ಸರಿಯಾಗಿ ಉರಿಯುತ್ತದೆಯೇ ನೋಡಿಕೊಳ್ಳುತ್ತೇನೆ. ಆಮೇಲೆ ಮೇನ್ ಬಂದ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡಲೇಬೇಕು. ಮೇನ್ ತೆಗೆದ ಕೂಡಲೇ ಅದು ತನ್ನ ಕಡೆಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ, ಇದನ್ನು ಮರೆಯುವವರು ಬಹಳ. ಮೇನ್ ಸ್ವಿಚ್ ಕೆಳಗಿಳಿದಿದ್ದರೂ ಅದಕ್ಕೆ ಮೀಟರ್ ಕಡೆಯಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೀಟರಿಗಿಂತ ಮುಂಚಿನ ಕಟೌಟ್, ಸೀಲ್ ಇರುವ ಭಾಗ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನದು. ಅಲ್ಲಿ ಕೈ ಹಾಕದೆ 1912ಕ್ಕೆ ಫೋನ್ ಮಾಡಬೇಕು.

ಕಿತ್ತ ಕಿಟ್‌ಕ್ಯಾಟನ್ನು ಬೆಳಕಿಗೆ ಹಿಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ತಂತಿ ನಡುವೆ ಮಾತ್ರ ಸಣ್ಣಗೆ ಕರಗಿ, ತುದಿಗಳಲ್ಲಿ ಸಾಸಿವೆಗಿಂತ ಚಿಕ್ಕ ಗುಂಡು ನಿಂತು, ಪಿಂಗಾಣಿ ಬೆಳ್ಳಗೇ ಇದ್ದರೆ ಅದು ಓವರ್‌ಲೋಡ್, ಅಂದರೆ ಲೈನಿನ ಮೇಲೆ ಹೊರೆ ಹೆಚ್ಚಾದದ್ದು. ತಂತಿಯೇ ಇಲ್ಲವಾಗಿ, ಪಿಂಗಾಣಿಗೆ ಕರಿ ಮಸಿ ಬಡಿದು, ತಾಮ್ರದ ಚುಕ್ಕಿಗಳು ಸಿಡಿದು ಅಂಟಿದ್ದರೆ ಶಾರ್ಟ್, ಅಂದರೆ ಎರಡು ವೈರು ನೇರ ತಾಗಿದ್ದು. ಇದಕ್ಕೆ ಹೊಸ ತಂತಿ ಕಟ್ಟಿ ಆನ್ ಮಾಡಿದರೆ ಮುಖದ ಮುಂದೆಯೇ ಕಿಡಿ ಹಾರುತ್ತದೆ. ಮೂರನೆಯದು ಸ್ಕ್ರೂ ಹತ್ತಿರ ತುಂಡಾಗಿ, ಹಿತ್ತಾಳೆ ಕಂದಿ, ಪಿಂಗಾಣಿ ಕಂದು ಬಣ್ಣಕ್ಕೆ ತಿರುಗಿರುವುದು. ಅದು ಲೂಸ್ ಕನೆಕ್ಷನ್. ಅಲ್ಲಿ ಸ್ಕ್ರೂ ಬಿಗಿ ಮಾಡಿದರೆ ಸಾಲದು. ಕಾವಿಗೆ ಮೆತ್ತಗಾದ ಕಾಂಟ್ಯಾಕ್ಟ್ ಮತ್ತೆ ಸಡಿಲುತ್ತದೆ, ಕಿಟ್‌ಕ್ಯಾಟನ್ನೇ ಬದಲಿಸಬೇಕು.

ತಂತಿಯ ಅಳತೆ ವಿಷಯಕ್ಕೆ ಬಂದರೆ, ತವರ ಹಚ್ಚಿದ ತಾಮ್ರದ ತಂತಿಯಲ್ಲಿ 5 ಆಂಪಿಯರಿಗೆ 0.2 ಮಿಲಿಮೀಟರ್ ದಪ್ಪ, 10ಕ್ಕೆ 0.35, 15ಕ್ಕೆ 0.5. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಕೇಳುವುದಾದರೆ 35, 29, 25 ನಂಬರ್. ಲೈಟು-ಫ್ಯಾನಿನ ಲೈನಿಗೆ 5, ಪವರ್ ಸಾಕೆಟ್ಟಿಗೆ 15, ಅರ್ಧ ಎಚ್‌ಪಿ ನೀರಿನ ಮೋಟಾರಿಗೆ 10. ಮೋಟಾರು ಓಡುವಾಗ ಎಳೆಯುವುದು ಸುಮಾರು 4 ಆಂಪಿಯರ್ ಇದ್ದರೂ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ, ಅದಕ್ಕೇ 10. ವೈರಿನ ಎಳೆ ಐದಾರು ಹೊಸೆದು ಕಟ್ಟುವ ರೂಢಿ ಬೇಡ. ಅಂಥ ಒಂದು ಎಳೆಯೇ ಹೆಚ್ಚುಕಡಿಮೆ 0.2 ಮಿಲಿಮೀಟರ್ ಇರುತ್ತದೆ. ಐದು ಹೊಸೆದರೆ ಅದು ಎಷ್ಟಕ್ಕೆ ಹೋಗುತ್ತದೋ ಕಟ್ಟಿದವನಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. 15 ಆಂಪಿಯರಿನ ಫ್ಯೂಜ್ 16ಕ್ಕೆ ಹೋಗುವುದಿಲ್ಲ. ಈ ತಂತಿ ಕರಗುವುದು ತನ್ನ ಅಂಕಿಯ ಹತ್ತಿರಹತ್ತಿರ ಎರಡು ಪಟ್ಟಿಗೆ, ಅಂದರೆ 30ರ ಆಸುಪಾಸಿಗೆ. ಅಲ್ಲಿಯವರೆಗೆ ಬಿಸಿಯಾಗುತ್ತಿರುವುದು ವೈರು. ಬಿಸಿಲಿಗೆ ಕಾದ ಸ್ಲ್ಯಾಬಿನೊಳಗೆ ಹಾದ ವೈರಿನ ತಾಕತ್ತು ಮೊದಲೇ ಕಡಿಮೆಯಾಗಿರುತ್ತದೆ. ಒಂದೂವರೆ ಟನ್ ಎಸಿ 7-8 ಆಂಪಿಯರ್, ಇಸ್ತ್ರಿ 4ರ ಮೇಲೆ, ಮೋಟಾರು 4. ಮೂರೂ ಒಂದೇ ಲೈನಿನ ಮೇಲಿದ್ದರೆ ಫ್ಯೂಜ್ ಸುಮ್ಮನಿದೆ ಎಂಬ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಎಸಿಗೆ 4 ಚದರ ಮಿಲಿಮೀಟರಿನ ಬೇರೆಯೇ ಲೈನ್ ಎಳೆದು ಕೊಡುತ್ತೇನೆ.

ಕಟ್ಟುವಾಗ ತಂತಿಯನ್ನು ಸ್ಕ್ರೂ ತಿರುಗುವ ದಿಕ್ಕಿಗೇ ಒಂದು ಸುತ್ತು ಹಾಕಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಹೊರಗೆ ಜಾರುತ್ತದೆ. ಎರಡು ಸ್ಕ್ರೂಗಳ ನಡುವೆ ಜಗ್ಗಿ ಕಟ್ಟಬಾರದು, ಸ್ವಲ್ಪ ಸಡಿಲು ಇರಲಿ. ಜಗ್ಗಿದ ಕಡೆ ತಂತಿ ತೆಳ್ಳಗಾಗಿ ಕಾರಣವಿಲ್ಲದೆ ಹೋಗುತ್ತದೆ.

ಶಾರ್ಟ್ ಎಲ್ಲಿದೆ ಎಂದು ಹುಡುಕಲು ತಂತಿ ಮೇಲೆ ತಂತಿ ಸುಡುವುದಿಲ್ಲ. ಮೇನ್ ಬಂದ್ ಇರುವಾಗಲೇ ಫ್ಯೂಜಿನ ಎರಡು ತುದಿಗಳಿಗೆ 100 ವ್ಯಾಟಿನ ಹಳೇ ನಮೂನೆಯ ಫಿಲಮೆಂಟ್ ಬಲ್ಬನ್ನು ಸಿರೀಸ್‌ನಲ್ಲಿ ಜೋಡಿಸಿ, ಮನೆಯ ಎಲ್ಲ ಸ್ವಿಚ್ ಆಫ್ ಮಾಡಿಸಿ, ಪ್ಲಗ್ ತೆಗೆಸಿ, ಆಮೇಲೆ ಮೇನ್ ಹಾಕುತ್ತೇನೆ. ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ವೈರಿಂಗಿನಲ್ಲೇ ಇದೆ. ಉರಿಯದಿದ್ದರೆ ಒಂದೊಂದೇ ಸ್ವಿಚ್ ಹಾಕುತ್ತ ಹೋಗುವುದು. ಲೈಟು, ಫ್ಯಾನು, ಕೂಲರಿಗೆ ಮಂದವಾಗಿ ಉರಿಯುತ್ತದೆ, ಎಲ್‌ಇಡಿ ಲೈಟಿಗೆ ಉರಿಯದೆಯೂ ಇರಬಹುದು, ಯಾವುದಕ್ಕೆ ಒಮ್ಮೆಲೇ ಝಗ್ ಎಂದು ಬೆಳಗುತ್ತದೋ ಅದೇ ಕೆಟ್ಟದ್ದು. ಇಲ್ಲೊಂದು ಎಚ್ಚರ: ನೀರು ಕಾಯಿಸುವ ರಾಡ್, ಗೀಸರ್, ಇಸ್ತ್ರಿ ಇವು ಸರಿಯಿದ್ದರೂ ಬಲ್ಬ್ ಪೂರ್ತಿ ಉರಿಯುತ್ತದೆ. 1500 ವ್ಯಾಟಿನ ರಾಡಿನ ರೆಸಿಸ್ಟೆನ್ಸ್ 35 ಓಮ್, ಬಲ್ಬಿನದು 529. ಅಷ್ಟು ಕಡಿಮೆ ಇರುವುದರಿಂದ ಬಲ್ಬಿನ ಕಣ್ಣಿಗೆ ರಾಡೂ ಶಾರ್ಟೂ ಒಂದೇ. ಅವನ್ನು ಮಲ್ಟಿಮೀಟರಿನಿಂದಲೇ ನೋಡಬೇಕು. ಈ ಬಲ್ಬಿನ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ ಮಾಡುವಂಥದ್ದು. ಮನೆಯವರು ಮಾಡಬಹುದಾದದ್ದು ಇಷ್ಟು: ಎಲ್ಲ ಪ್ಲಗ್ ತೆಗೆದ ಮೇಲೂ ಫ್ಯೂಜ್ ಹೋದರೆ ಅಲ್ಲಿಗೇ ನಿಲ್ಲಿಸಿ ಕರೆಯುವುದು.

ಹಳೇ ಮನೆಗಳ ಬೋರ್ಡಿನ ಮೇಲೆ ಜೋಡಿ ಕಿಟ್‌ಕ್ಯಾಟ್ ಇರುತ್ತವೆ, ಫೇಸಿಗೊಂದು (ಕರೆಂಟ್ ತರುವ ವೈರು), ನ್ಯೂಟ್ರಲ್‌ಗೊಂದು (ಅದು ಹಿಂದಿರುಗುವ ವೈರು). ನ್ಯೂಟ್ರಲ್‌ನದು ಹೋದರೆ ಮನೆಯೆಲ್ಲ ಕತ್ತಲು, ಆದರೆ ಹೋಲ್ಡರಿನಲ್ಲಿ ಫೇಸ್ ಹಾಗೇ ಕೂತಿರುತ್ತದೆ. "ಕರೆಂಟ್ ಇಲ್ಲ" ಎಂದು ಬಲ್ಬ್ ಬಿಚ್ಚಲು ಕುರ್ಚಿ ಹತ್ತಿದವರಿಗೆ ಶಾಕ್ ಹೊಡೆಯುವುದು ಹೀಗೆ. ಟೆಸ್ಟರಿನಿಂದ ಯಾವುದು ನ್ಯೂಟ್ರಲ್ ಎಂದು ಖಾತ್ರಿ ಮಾಡಿಕೊಂಡು, ಮೇನ್ ಬಂದ್ ಮಾಡಿ, ಆ ಜಾಗಕ್ಕೆ ಗಟ್ಟಿ ತಾಮ್ರದ ಲಿಂಕ್ ಹಾಕಿಬಿಡುತ್ತೇನೆ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ತಗಡಿನ ಕೂಲರಿಗೆ. ತಗಡಿನ ಮೈ, ತಳದಲ್ಲಿ ನೀರು, ನೀರಲ್ಲೇ ಪಂಪು, ಎರಡು ಪಿನ್ನಿನ ಪ್ಲಗ್ಗು, ಕೆಳಗೆ ಒದ್ದೆ ಶಹಾಬಾದ್ ಫರಸಿ, ಬರಿಗಾಲು. ಒಳಗೆ ಫೇಸ್ ವೈರ್ ತಗಡಿಗೆ ತಾಗಿದರೂ ಫ್ಯೂಜ್ ಹೋಗುವುದಿಲ್ಲ. ಅರ್ಥ್ ವೈರ್ ಇದ್ದರೂ ಹೋಗದೆ ಇರಬಹುದು. ಆ ವೈರನ್ನು ನೆಲಕ್ಕೆ ಸೇರಿಸಲು ಪೈಪ್ ಹೂತ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದೆ ಎನ್ನಿ: 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 15ರ ಫ್ಯೂಜ್ ಅದನ್ನು ದಿನವಿಡೀ ಹೊರುತ್ತದೆ, ತಗಡಿನ ಮೇಲೆ 200ಕ್ಕೂ ಹೆಚ್ಚು ವೋಲ್ಟ್ ನಿಂತೇ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಅರ್ಥಿಂಗಿಗೆ ಬಲು ಒಳ್ಳೆಯದು. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಪೈಪಿನಿಂದ ಹಿಂದೆ ಸರಿಯುತ್ತದೆ, ಕೂಲರ್ ಓಡುವ ತಿಂಗಳುಗಳಲ್ಲೇ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದೇ ಕಡಿಮೆ. ಎರಡೂವರೆ ಮೀಟರ್ ಉದ್ದದ ಜಿಐ ಪೈಪಿನ ಸುತ್ತ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಮಾರ್ಚಿನಿಂದ ಜೂನ್‌ವರೆಗೆ ವಾರಕ್ಕೆ ಎರಡು-ಮೂರು ಕೊಡ ನೀರು ಹಾಕಿಸುತ್ತೇನೆ. ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚಿ "ಉರಿಯಿತು, ಅರ್ಥಿಂಗ್ ಚಲೋ ಅದ" ಅನ್ನುವ ಪರೀಕ್ಷೆಯನ್ನು ನಂಬಬೇಡಿ. 100 ವ್ಯಾಟಿನ ಬಲ್ಬ್ ಎಳೆಯುವುದು 0.43 ಆಂಪಿಯರ್, 20 ಓಮಿನ ಕೆಟ್ಟ ಗುಂಡಿಯಲ್ಲೂ 9 ವೋಲ್ಟ್ ಮಾತ್ರ ಕಳೆದು, ಅದು ಬೆಳ್ಳಗೆ ಉರಿಯುತ್ತದೆ. ಅರ್ಥ್ ಟೆಸ್ಟರಿನಿಂದಲೇ ಅಳೆಯಬೇಕು.

ಅದಕ್ಕೇ ಕಿಟ್‌ಕ್ಯಾಟ್ ತೆಗೆದು ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕುವ ಮನೆಯಲ್ಲಿ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. 5 ಆಂಪಿಯರಿನ ಫ್ಯೂಜ್ ಎಂದರೆ 5000 ಮಿಲಿಆಂಪಿಯರ್. ಮನುಷ್ಯನ ಜೀವ ಅದಕ್ಕಿಂತ ಬಹಳ ಮೊದಲೇ ಹೋಗುತ್ತದೆ. 30 ಮಿಲಿಆಂಪಿಯರ್ ಸೋರಿದರೆ ಆರ್‌ಸಿಸಿಬಿ 0.3 ಸೆಕೆಂಡಿನೊಳಗೆ ಬೀಳುತ್ತದೆ. ಆದರೆ ಅದು ಓವರ್‌ಲೋಡ್ ನೋಡುವುದಿಲ್ಲ, ಎಂಸಿಬಿ ಬೇರೆ ಬೇಕೇ ಬೇಕು. ಹಾಕಿದ ದಿನವೇ ಬೀಳತೊಡಗಿದರೆ ಅದನ್ನು ಬೈಪಾಸ್ ಮಾಡಬೇಡಿ. ಹೆಚ್ಚಿನ ಸಲ ಇನ್ವರ್ಟರಿನ ನ್ಯೂಟ್ರಲ್ಲೂ ಮನೆಯ ನ್ಯೂಟ್ರಲ್ಲೂ ಎಲ್ಲೋ ಒಂದು ಬೋರ್ಡಿನಲ್ಲಿ ಕೂಡಿರುತ್ತವೆ, ಬಿಡಿಸಿದರೆ ನಿಲ್ಲುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಿಸಿ. ಇದೆಲ್ಲ ಆಗುವವರೆಗೆ, ಕೂಲರಿಗೆ ನೀರು ಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ ನ್ಯೂಟ್ರಲ್‌ನಲ್ಲೂ ಇರಬಹುದು. ಪ್ಲಗ್ ಕಿತ್ತು ಕೆಳಗಿಟ್ಟು, ಆಮೇಲೆ ಕೊಡ ಎತ್ತಿ.