ತಂಗಿಯನ್ನು ಯಾರಾದರೂ ಕೇಳಿದರಾ? ರಕ್ತದ ಪಾಠದಲ್ಲಿ ನಾನು ಮಾಡಿಸುವ ಚರ್ಚೆ

ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಲವು ಮಕ್ಕಳು ಉಡುಪಿ ಕಡೆಯವರು. ಜಾಸ್ತಿ ಮಂದಿ ಕಲಬುರಗಿ, ವಿಜಯಪುರದಿಂದ ದುಡಿಯಲು ಬಂದವರ ಮಕ್ಕಳು. ರಕ್ತದ ಪಾಠಕ್ಕೆ ನಮ್ಮೂರಿನದೇ ಉದಾಹರಣೆ ಇದೆ: ಬಾಂಬೆ ರಕ್ತದ ಗುಂಪು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಗಾರರು ಇದನ್ನು ಇಲ್ಲೇ ಗುರುತಿಸಿದರು. ಈ ಗುಂಪಿನವರಿಗೆ 'ಓ' ರಕ್ತವೂ ಆಗಿಬರುವುದಿಲ್ಲ, ಅದೇ ಗುಂಪಿನವರೇ ಕೊಡಬೇಕು. ಇಷ್ಟು ಹೇಳಿದರೆ ಸಾಕು, ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: ಹಾಗಾದ್ರೆ ಕೊಡಲೇಬೇಕು ಅಂತ ಒತ್ತಾಯ ಮಾಡಬಹುದಾ?

ಚರ್ಚೆ ಅಲ್ಲಿಂದಲೇ ಶುರು. 'ಸರಿಯೋ ತಪ್ಪೋ' ಅಂತ ವಿಷಯ ಕೊಟ್ಟರೆ ಮಕ್ಕಳು ಭಾಷಣ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅದಕ್ಕೇ ನಾನು ಒಂದು ಮನೆ, ಒಂದು ತೀರ್ಮಾನ ಅಷ್ಟೇ ಕೊಡುತ್ತೇನೆ.

ನಾನು ಕೊಡುವುದು ಅಹಮದಾಬಾದಿನ ಒಂದು ಮನೆ. ಮಗನಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಮೈಯಲ್ಲಿ ಸರಿಯಾದ ರಕ್ತ ತಯಾರಾಗದ ಅನುವಂಶಿಕ ಕಾಯಿಲೆ. ಇಂಥ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಹೊಂದುವ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತ ತಯಾರಾಗುವ ಮೆದು ಭಾಗ) ಸಿಕ್ಕರೆ ಗುಣವಾಗಬಹುದು, ಆದರೆ ಮನೆಯಲ್ಲಿ ಯಾರದೂ ಹೊಂದಲಿಲ್ಲ. ಅಪ್ಪ ಅಮ್ಮ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವ ಚಿಕಿತ್ಸೆ) ಮಾಡಿಸಿದರು. ಕಾಯಿಲೆ ಇಲ್ಲದ, ಅಣ್ಣನಿಗೆ ಹೊಂದುವ ಭ್ರೂಣವನ್ನೇ ಆರಿಸಿದರು. ಹೆಣ್ಣುಮಗು ಹುಟ್ಟಿತು. 2020ರಲ್ಲಿ, ಅವಳಿಗೆ ಸುಮಾರು ಒಂದೂವರೆ ವರ್ಷವಾಗಿದ್ದಾಗ, ಅವಳ ಮಜ್ಜೆ ತೆಗೆದು ಏಳು ವರ್ಷದ ಅಣ್ಣನಿಗೆ ಕೊಟ್ಟರು. ಅಣ್ಣ ಚೇತರಿಸಿಕೊಂಡ.

ವಿಜಯಪುರ ಕಡೆಯ ಹುಡುಗಿ ತಟ್ಟನೆ ಎದ್ದು ನಿಂತಳು. "ಟೀಚರ್, ಆ ಕೂಸಿಗೆ ಯಾರರ ಕೇಳ್ಯಾರೇನ್ರಿ?" ಹಿಂದಿನ ಬೆಂಚಿನ ಹುಡುಗ ಬಿಡಲಿಲ್ಲ. "ಕೇಳದೆ ಇದ್ದದ್ದಕ್ಕೇ ಅವಳಿಗೆ ಅಣ್ಣ ಉಳಿದದ್ದು ಅಲ್ವಾ?" ಇಡೀ ತರಗತಿ ಎರಡು ಪಾಲಾಯಿತು.

ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ನಿಯಮ. ಎದುರಿನವರ ಮಾತನ್ನು ಮೊದಲು ನಿಮ್ಮ ಬಾಯಲ್ಲಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅಂದ ಮೇಲೆಯೇ ಉತ್ತರ ಕೊಡಬಹುದು. ಇದರಿಂದ ತುಂಬಾ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಆ ಹುಡುಗಿ ಎರಡು ಸಲ ಹೇಳಿದರೂ ಹುಡುಗ ಇದಲ್ಲ ಅಂತ ತಲೆಯಾಡಿಸಿದ. ಮೂರನೇ ಸಲಕ್ಕೆ ಅವಳಂದಳು: "ಅಣ್ಣ ಸತ್ತರೆ ಅದು ಆಕಿಗೂ ನಷ್ಟ ಅಂತಿ." ಅವನು ಒಪ್ಪಿದ. ಆಮೇಲೆ ಅವಳ ವಾದವೇ ಮೊದಲಿಗಿಂತ ಗಟ್ಟಿಯಾಯಿತು. "ಮಜ್ಜೆ ಮತ್ತೆ ಬೆಳೀತದ, ಅದಕ್ಕ ಒಪ್ಪೋಣ. ಕಿಡ್ನಿ ಕೇಳಿದ್ರ?" ಎಲ್ಲಿಯವರೆಗೆ ಕೇಳಬಹುದು ಅನ್ನುವುದೇ ಆಮೇಲಿನ ಚರ್ಚೆ. ನಂತರ ಪಕ್ಷ ಅದಲುಬದಲು.

ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಕಾದಿಡುವ ಕಂಪನಿಗಳ ಜಾಹೀರಾತು ತಂದವರೂ ಇದ್ದರು. ಮುಂದೆ ಸ್ವಂತಕ್ಕೆ ಬೇಕಾದೀತು ಅಂತ ಅದನ್ನು ದುಡ್ಡು ಕೊಟ್ಟು ಇಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿದೆ. ಅನುವಂಶಿಕ ಕಾಯಿಲೆಯಾದರೆ ಆ ರಕ್ತದಲ್ಲೂ ಅದೇ ದೋಷ ಇರುತ್ತದೆ. ಸಂಗತಿ ಸ್ಪಷ್ಟ ಇರುವಲ್ಲಿ ಸುಮ್ನೆ ಪರ-ವಿರೋಧ ಮಾಡಿಸಬಾರದು, ತಿಳಿಸಿ ಮುಂದೆ ಹೋಗಬೇಕು.

ಇದನ್ನು ಮಾಡಿಸುವ ಟೀಚರ್‌ಗಳಿಗೆ ಒಂದು ಮಾತು. ತರಗತಿಯಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಯಿಲೆ ಇದೆಯಾ ಅಂತ ಮೊದಲೇ ಗುಟ್ಟಾಗಿ ತಿಳಿದುಕೊಳ್ಳಿ. ಇದ್ದರೆ ಆ ಮಗುವನ್ನೇ ಕೇಳಿ, ಬೇಡ ಅಂದರೆ ವಿಷಯ ಬದಲಿಸಿ. ಕೊನೆಗೆ ನಾನು ಗೆದ್ದವರು ಯಾರು ಅಂತ ಹೇಳುವುದಿಲ್ಲ. ಎದುರು ಪಕ್ಷದ ಯಾವ ಮಾತಿಗೆ ಇನ್ನೂ ಉತ್ತರ ಸಿಕ್ಕಿಲ್ಲ ಅಂತ ಎಲ್ಲರೂ ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಮುಂದಿನ ತರಗತಿಯನ್ನು ಆ ಚೀಟಿಗಳಿಂದಲೇ ಶುರು ಮಾಡುತ್ತೇನೆ.