ಪೈಲಟ್ ಆಗುವ ಮುನ್ನ ರ‍್ಯಾಂಪ್‌ನಲ್ಲಿ ನಿಂತು ಕಲಿಯಿರಿ

ನಾನು ದಾವಣಗೆರೆಗೆ ಬಂದಾಗಲೆಲ್ಲ ಪಿಯುಸಿ ಮುಗಿಸಿದ ಹುಡುಗರು ಕೇಳುತ್ತಾರೆ: "ಅಣ್ಣಾ, ಪೈಲಟ್ ಓದೋಕೆ ದುಡ್ಡಿಲ್ಲ. ಏರ್‌ಪೋರ್ಟ್ ಕೆಲ್ಸಕ್ಕೆ ಸೇರಿದ್ರೆ ದಾರಿ ಸಿಗುತ್ತಾ?"

ಸಿಗುತ್ತದೆ, ಆದರೆ ಬಡ್ತಿಯ ರೂಪದಲ್ಲಲ್ಲ. ನೆಲದ ಕೆಲಸದಲ್ಲಿ ಎಷ್ಟು ವರ್ಷ ದುಡಿದರೂ ಲೈಸೆನ್ಸ್ ಇಲ್ಲದೆ ಕಾಕ್‌ಪಿಟ್‌ ಸಿಗದು. ಅಲ್ಲಿ ಸಿಗುವುದು ವಿಮಾನದ ಒಡನಾಟ. ನನ್ನ ಮಟ್ಟಿಗೆ ಅದು ದೊಡ್ಡದು.

ಕೆಲಸ ಹುಡುಕುವ ಮೊದಲೇ ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಾನ್ಯತೆಯ ವೈದ್ಯರ ಬಳಿ ಕ್ಲಾಸ್ 2 ಮೆಡಿಕಲ್ ಎಂಬ ಆರೋಗ್ಯ ತಪಾಸಣೆ ಮಾಡಿಸಿ. ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ ನಮ್ಮಪ್ಪ ಹೇಳಿದ್ದೂ ಅದನ್ನೇ: "ಸಾಲ ಆಮೇಲೆ, ಮೊದ್ಲು ಕಣ್ ತೋರಿಸ್ಕಂಡು ಬಾ." ಕನ್ನಡಕ ಇದ್ದರೆ ಹೆದರಬೇಡಿ. ಬಣ್ಣ ಗುರುತಿಸಲು ತೊಂದರೆಯಿದ್ದರೆ ಮಾತ್ರ ಲಕ್ಷ ಸುರಿಯುವ ಮುನ್ನವೇ ಗೊತ್ತಾಗಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರದಿದ್ದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಆ ವಿಷಯಗಳ ಪರೀಕ್ಷೆ ಬರೆಯಿರಿ.

ಗ್ರೌಂಡ್ ಸ್ಟಾಫ್ ಕೋರ್ಸ್ ಎಂದು ಲಕ್ಷಗಟ್ಟಲೆ ಕಟ್ಟಬೇಡಿ. ಪಿಯುಸಿ ಆದವರನ್ನು ತೆಗೆದುಕೊಳ್ಳುವ ಕೆಲಸಗಳಿವೆ. ಬೇಕಾದ ತರಬೇತಿಯನ್ನು ಕಂಪನಿಯೇ ಕೊಡುತ್ತದೆ. ವಿಮಾನ ನಿಲ್ದಾಣದ ಪಾಸಿಗೆ ಪೊಲೀಸ್ ಪರಿಶೀಲನೆ ಇರುತ್ತದೆ, ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಇರಲಿ.

ಯಾವ ವಿಭಾಗ ಎನ್ನುವುದೇ ಮುಖ್ಯ. ಚೆಕ್‌ಇನ್ ಕೌಂಟರ್‌ನಲ್ಲಿ ಮಾತು ಕಲಿಯುತ್ತೀರಿ, ವಿಮಾನವನ್ನಲ್ಲ. ರ‍್ಯಾಂಪ್ (ವಿಮಾನ ನಿಲ್ಲಿಸಿ ಸಾಮಾನು ತುಂಬುವ ಅಂಗಳ) ಕೇಳಿ, ಆಮೇಲೆ ವಿಮಾನದ ತೂಕದ ಹಂಚಿಕೆ ಲೆಕ್ಕ ಹಾಕುವ ಲೋಡ್ ಅಂಡ್ ಟ್ರಿಮ್‌ಗೆ ಹೋಗಿ. ಯಾವ ಹೋಲ್ಡ್‌ಗೆ (ಸಾಮಾನಿನ ಕೋಣೆಗೆ) ಎಷ್ಟು ಬ್ಯಾಗು, ಗುರುತ್ವ ಕೇಂದ್ರ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ ಟ್ರಿಮ್ ಶೀಟ್ ಕೊಟ್ಟಾಗ ಕ್ಯಾಪ್ಟನ್ ಅದನ್ನು ನೋಡಿ ಸಹಿ ಹಾಕುತ್ತಾರೆ. ಎಟಿಆರ್ 72 ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನದಲ್ಲಿ ಪ್ರಯಾಣಿಕರ ಬಾಗಿಲು ಹಿಂದಿದೆ, ಹೆಚ್ಚು ಜನ ಅಲ್ಲೇ ಸೇರಿದರೆ ಬಾಲ ಕುಸಿಯಬಹುದು. ಅದಕ್ಕೇ ಹಿಂಬದಿಗೆ ಟೇಲ್ ಸ್ಟ್ಯಾಂಡ್ ಇಡುತ್ತಾರೆ. ಇದನ್ನು ಕಣ್ಣಾರೆ ಕಂಡವನಿಗೆ ಪುಸ್ತಕದ 'ಮಾಸ್ ಅಂಡ್ ಬ್ಯಾಲೆನ್ಸ್' ಅಧ್ಯಾಯ ಕಷ್ಟವೇ ಆಗದು. ನಮಗೆ ಹತ್ತಿರದ ಶಿವಮೊಗ್ಗದಂಥ ಚಿಕ್ಕ ನಿಲ್ದಾಣದಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ಕಡಿಮೆ ಜನ ಇರುವ ಕಡೆ ಎಲ್ಲ ಕೆಲಸಕ್ಕೂ ಕೈ ಹಾಕಬೇಕಾಗುತ್ತದೆ.

ಕೆಲಸದ ಜೊತೆಗೇ ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್ (ಪರೀಕ್ಷೆಯ ನೋಂದಣಿ ಸಂಖ್ಯೆ) ಪಡೆದು ಪೈಲಟ್ ಲೈಸೆನ್ಸ್ ಪರೀಕ್ಷೆ ಕಟ್ಟಿ: ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್, ಟೆಕ್ನಿಕಲ್ ಜನರಲ್ (ವಿಮಾನಗಳ ಸಾಮಾನ್ಯ ತಾಂತ್ರಿಕ ವಿಷಯ), ಟೆಕ್ನಿಕಲ್ ಸ್ಪೆಸಿಫಿಕ್ (ನೀವು ಹಾರಿಸುವ ವಿಮಾನದ್ದು). ಪಾಸಾಗಲು ಶೇ. 70 ಬೇಕು. ರೇಡಿಯೊ ಲೈಸೆನ್ಸ್ ಬೇರೆ. ರಾತ್ರಿ ಪಾಳಿಯಲ್ಲಿ ಮೆಟಾರ್ ಎಂಬ ನಿಲ್ದಾಣದ ಹವಾಮಾನ ವರದಿ ಓದುವ ಅಭ್ಯಾಸ ಮಾಡಿಕೊಳ್ಳಿ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೆಂಗಳೂರಿನ ತಾಪಮಾನವೂ ಇಬ್ಬನಿ ಬಿಂದುವೂ (ಗಾಳಿಯ ತೇವ ಹನಿಗಟ್ಟುವ ತಾಪಮಾನ) ಸಮಸಮ ಬರುವುದನ್ನು ವರದಿಯಲ್ಲಿ ನೋಡಿ, ತಲೆಯೆತ್ತಿದರೆ ಹೊರಗೆ ರನ್‌ವೇ ಮಂಜಿನಲ್ಲಿ ಮುಚ್ಚಿರುತ್ತದೆ. ಅಂಥ ಪಾಠ ಯಾವ ಕೋಚಿಂಗ್‌ನಲ್ಲೂ ಸಿಗುವುದಿಲ್ಲ.

ಹಣದ ವಿಷಯ ನೇರವಾಗಿ ಹೇಳುತ್ತೇನೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಖರ್ಚು ನಲವತ್ತು ಲಕ್ಷ ದಾಟುತ್ತದೆ, ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚು ಅದರ ಮೇಲೆ. ನೆಲದ ಸಂಬಳದಲ್ಲಿ ಇದು ಹುಟ್ಟುವುದಿಲ್ಲ. ಆ ಸಂಬಳ ಮೆಡಿಕಲ್, ಪುಸ್ತಕ, ಪರೀಕ್ಷಾ ಶುಲ್ಕಕ್ಕೆ ಸಾಕು. ಉಳಿದದ್ದಕ್ಕೆ ಬ್ಯಾಂಕ್ ಸಾಲವೋ ಮನೆಯವರ ನೆರವೋ ಬೇಕೇ ಬೇಕು. ಹೊಲ ಅಡ ಇಡುವ ಮಾತು ಬಂದರೆ ಎಲ್ಲ ಪೇಪರ್ ಪಾಸಾಗಿ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಕೈಗೆ ಬರುವವರೆಗೆ ತಡೆಯಿರಿ. ಅಲ್ಲಿಯವರೆಗೆ ರಾಜೀನಾಮೆಯೂ ಬೇಡ.

ಆಮೇಲೆ ಹಾರಾಟ ಕಲಿಸುವ ಶಾಲೆ ಹುಡುಕಿ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆಯಿರಲಿ, ಬೇರೆಯದಿರಲಿ, ಖುದ್ದು ಹೋಗಿ ಇಷ್ಟು ಕೇಳಿ: ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ? ಬೋಧಕರು ಎಷ್ಟು? ಹಿಂದಿನ ಬ್ಯಾಚಿನವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡರು? ಉತ್ತರವನ್ನು ಆಫೀಸಿನವರಿಂದ ಪಡೆದು, ಕ್ಯಾಂಟೀನಿನಲ್ಲಿ ಕುಳಿತ ವಿದ್ಯಾರ್ಥಿಗಳ ಬಳಿ ಇನ್ನೊಮ್ಮೆ ಕೇಳಿ. ಎರಡೂ ತಾಳೆಯಾದರೆ ಮಾತ್ರ ಮೊದಲ ಕಂತು ಕಟ್ಟಿ.